ಮೂರು ಸಾವಿರ ಮೈಲಿ, ಹದಿನೆಂಟು ದಿನ: ಅಮೆರಿಕದ ಹೆದ್ದಾರಿಗಳಿಗೊಂದು ಯೋಜನೆ

ಅಮೆರಿಕದ ನಕಾಶೆಯನ್ನು ಮೇಜಿನ ಮೇಲೆ ಹರಡಿದಾಗ ಮೊದಲು ಕಣ್ಣನ್ನು ವಂಚಿಸುವುದು ಅದರ ಅಳತೆ. ನ್ಯೂಯಾರ್ಕಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಬೆರಳು ಒಂದು ಗೇಣು ಸರಿದರೆ ಸಾಕು. ರಸ್ತೆಯ ಮೇಲೆ ಅದು ಸುಮಾರು 2,900 ಮೈಲಿ, ಅಂದರೆ 4,700 ಕಿಲೋಮೀಟರು. ಶ್ರೀನಗರದಿಂದ ಹೊರಟು ಬೆಂಗಳೂರನ್ನು ಹಾದು ಕನ್ಯಾಕುಮಾರಿ ಮುಟ್ಟುವ ನಮ್ಮ 44ನೇ ರಾಷ್ಟ್ರೀಯ ಹೆದ್ದಾರಿಗಿಂತ ಸುಮಾರು ಸಾವಿರ ಕಿಲೋಮೀಟರು ಹೆಚ್ಚು. ಊರಿನಿಂದ ಬರುವ ಬಂಧುಗಳು "ಎರಡು ವಾರ ಇದೆಯಲ್ಲ, ಕಾರಿನಲ್ಲೇ ಇಡೀ ದೇಶ ನೋಡಿಬಿಡೋಣ" ಎಂದಾಗ ಇಲ್ಲಿರುವವರು ಒಂದು ಕ್ಷಣ ಸುಮ್ಮನಾಗುವುದು ಈ ಕಾರಣಕ್ಕೆ.

ಈ ಸಲ ಆ ಮಾತು ಬಂದಿರುವುದು ನನ್ನ ತಂದೆಯವರಿಂದ. ಅವರಿಗೆ 74, ತಾಯಿಯವರಿಗೆ 69. ಹಿಂದಿನ ಬಾರಿ ಅವರು ಷಿಕಾಗೊ ಬಳಿಯ ನಮ್ಮ ಮನೆಗೆ ಬಂದದ್ದು ಬಾಣಂತನಕ್ಕೆ. ಐದು ತಿಂಗಳ ಚಳಿಯಲ್ಲಿ ಅವರು ಕಂಡ ಅಮೆರಿಕವೆಂದರೆ ಹಿಮ, ಅಂಗಡಿಗಳು, ವಾರಕ್ಕೊಮ್ಮೆ ದೇವಸ್ಥಾನ. ಮೊಮ್ಮಗಳನ್ನು ನೋಡಲು ಬರುವ ಬಹುಪಾಲು ಅಜ್ಜ–ಅಜ್ಜಿಯರ ಅಮೆರಿಕ ಇಷ್ಟೇ. ಈಗ ತಂದೆಯವರ ಹೃದಯದ ರಕ್ತನಾಳದಲ್ಲೊಂದು ಸ್ಟೆಂಟ್ ಇದೆ. ತಾಯಿಯವರ ಮಂಡಿ ಮೆಟ್ಟಿಲು ಕಂಡರೆ ತಕರಾರು ಮಾಡುತ್ತದೆ. ಇಷ್ಟು ದೀರ್ಘ ವಿಮಾನಯಾನವನ್ನು ಅವರು ಮತ್ತೊಮ್ಮೆ ಮಾಡುವರೆಂಬ ಭರವಸೆ ನಮಗಿಲ್ಲ. ಆದ್ದರಿಂದ ಬರುವ ಜುಲೈಯಲ್ಲಿ ಐವರೂ ಒಂದೇ ಕಾರಿನಲ್ಲಿ ಪಶ್ಚಿಮಕ್ಕೆ ಹೊರಡುವುದೆಂದು ನಿಶ್ಚಯವಾಗಿದೆ. ಕೆಲವು ತಿಂಗಳಿಂದ ನಮ್ಮ ಮನೆಯ ಸಂಜೆಗಳು ಈ ಯೋಜನೆಗೇ ಮೀಸಲು. ಇದೇ ಬಗೆಯ ಪ್ರವಾಸವನ್ನು ಮನಸ್ಸಿನಲ್ಲಿ ಇಟ್ಟುಕೊಂಡವರಿಗೆ ಉಪಯೋಗವಾದೀತೆಂದು ಆ ಲೆಕ್ಕಾಚಾರವನ್ನು ಇಲ್ಲಿ ಬರೆಯುತ್ತಿದ್ದೇನೆ. ಅದರಲ್ಲಿ ಕೂಡಿಸುವುದಕ್ಕಿಂತ ಕಳೆಯುವ ಕೆಲಸವೇ ಹೆಚ್ಚಾಯಿತು.

ಎರಡು ಬಗೆಯ ಹೆದ್ದಾರಿ

ಈ ದೇಶವನ್ನು ಮೊದಲ ಬಾರಿಗೆ ಕಾರಿನಲ್ಲಿ ದಾಟಿದ್ದು 1903ರಲ್ಲಿ. ಹೊರೇಷಿಯೊ ನೆಲ್ಸನ್ ಜಾಕ್ಸನ್ ಎಂಬ ವೈದ್ಯ, ಐವತ್ತು ಡಾಲರಿನ ಪಂಥ ಕಟ್ಟಿ, ಒಬ್ಬ ಮೆಕ್ಯಾನಿಕ್ಕನೊಂದಿಗೆ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟು ನ್ಯೂಯಾರ್ಕ್ ತಲುಪಲು 63 ದಿನ ತೆಗೆದುಕೊಂಡ. ದಾರಿಯಲ್ಲಿ ಒಂದು ನಾಯಿಯೂ ಜೊತೆಯಾಯಿತು. 1909ರಲ್ಲಿ 22 ವರ್ಷದ ಆಲಿಸ್ ರಾಮ್ಸೆ ಹೀಗೆ ದೇಶ ದಾಟಿದ ಮೊದಲ ಮಹಿಳೆಯಾದಳು. ಆಕೆಗೆ 59 ದಿನ ಹಿಡಿಯಿತು. 1919ರಲ್ಲಿ ವಾಷಿಂಗ್ಟನ್ನಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಸೇನಾ ವಾಹನಗಳ ಸಾಲೊಂದು ಹೊರಟಾಗ 62 ದಿನ ಬೇಕಾಯಿತು. ಕೆಸರಿನಲ್ಲಿ ಹೂತು, ಸೇತುವೆಗಳನ್ನು ಮುರಿದು ಸಾಗಿದ ಆ ಸಾಲಿನಲ್ಲಿ ಡ್ವೈಟ್ ಐಸೆನ್‌ಹೋವರ್ ಎಂಬ ಯುವ ಅಧಿಕಾರಿಯಿದ್ದರು. ಮುಂದೆ ಅಧ್ಯಕ್ಷರಾಗಿ 1956ರಲ್ಲಿ ಅಂತರರಾಜ್ಯ ಹೆದ್ದಾರಿಗಳ ಕಾಯಿದೆಗೆ ಸಹಿ ಹಾಕಿದವರು ಅವರೇ. ಇಂದು ಅದೇ ದೂರವನ್ನು ನಾಲ್ಕೈದು ದಿನಗಳಲ್ಲಿ ಕ್ರಮಿಸಬಹುದು.

ಹಾಗೆ ಹುಟ್ಟಿದ ಇಂಟರ್‌ಸ್ಟೇಟ್ ರಸ್ತೆಗಳಿಗೆ ಊರುಗಳ ಗೊಡವೆಯಿಲ್ಲ. ನೇರ, ಅಗಲ, ಸಿಗ್ನಲ್ಲಿಲ್ಲದ ಓಟ. ಪ್ರತಿ ನಿರ್ಗಮನದಲ್ಲೂ ಅದೇ ಬರ್ಗರ್ ಅಂಗಡಿ, ಅದೇ ಮೋಟೆಲ್. ದೇಶದ ಮುಖ ಕಾಣುವುದು ಅವಕ್ಕಿಂತ ಹಳೆಯದಾದ, 1926ರಲ್ಲಿ ಸಂಖ್ಯೆ ಪಡೆದ 'ಯು.ಎಸ್.' ಹೆದ್ದಾರಿಗಳಲ್ಲಿ. ಅವು ಊರಿನ ಮುಖ್ಯಬೀದಿಯಲ್ಲೇ ಹಾಯುತ್ತವೆ. ನ್ಯಾಯಾಲಯದ ಕಟ್ಟಡ, ಶಾಲೆ, ಧಾನ್ಯದ ಕಣಜ, ಬೆಳಗಿನ ಉಪಾಹಾರದ ಸಣ್ಣ ಹೋಟೆಲುಗಳನ್ನು ತೋರಿಸುತ್ತವೆ.

ಸಂಖ್ಯೆಗಳ ವ್ಯಾಕರಣವನ್ನು ಒಮ್ಮೆ ತಿಳಿದರೆ ದಿಕ್ಕು ತಪ್ಪುವ ಭಯ ಕಡಿಮೆ. ಎರಡೂ ಬಗೆಯಲ್ಲಿ ಪೂರ್ವ–ಪಶ್ಚಿಮ ರಸ್ತೆಗಳಿಗೆ ಸಮಸಂಖ್ಯೆ, ಉತ್ತರ–ದಕ್ಷಿಣ ರಸ್ತೆಗಳಿಗೆ ಬೆಸಸಂಖ್ಯೆ. ಭಾರತದ ಹೊಸ ಪದ್ಧತಿ ಇದಕ್ಕೆ ವಿರುದ್ಧ. ಇಂಟರ್‌ಸ್ಟೇಟ್‌ಗಳ ಅಂಕಿ ದಕ್ಷಿಣದಿಂದ ಉತ್ತರಕ್ಕೆ, ಪಶ್ಚಿಮದಿಂದ ಪೂರ್ವಕ್ಕೆ ಏರುತ್ತದೆ, ಹಳೆಯ ಯು.ಎಸ್. ಹೆದ್ದಾರಿಗಳದ್ದು ಇದರ ತಿರುವು. ನಮ್ಮ ಯೋಜನೆಯ ಸೂತ್ರ ಇದರಿಂದಲೇ ಹೊರಟಿತು: ಬಯಲನ್ನು ದಾಟಲು ಇಂಟರ್‌ಸ್ಟೇಟ್, ನೋಡಲು ಹಳೆಯ ಹೆದ್ದಾರಿ.

ಕೈಬಿಟ್ಟ ರಸ್ತೆಗಳು

ಮೊದಲು ಕೈಬಿಟ್ಟದ್ದು ಎಲ್ಲರ ಬಾಯಲ್ಲೂ ಇರುವ ರೂಟ್ 66 ಅನ್ನು. ಅದು ಆರಂಭವಾಗುವುದೇ ನಮ್ಮ ಷಿಕಾಗೊದ ನಡುವಿನಿಂದ. ಎಂಟು ರಾಜ್ಯಗಳನ್ನು ಹಾದು, 2,448 ಮೈಲಿ ಸಾಗಿ, ಕ್ಯಾಲಿಫೋರ್ನಿಯಾದ ಸ್ಯಾಂಟಾ ಮೋನಿಕಾದಲ್ಲಿ ಸಮುದ್ರ ಸೇರುತ್ತಿದ್ದ ರಸ್ತೆ ಅದು. 1930ರ ದಶಕದ ಧೂಳು ಬಿರುಗಾಳಿಗೆ ಹೊಲ ಕಳೆದುಕೊಂಡ ಓಕ್ಲಹೋಮದ ರೈತರು ಗುಳೆ ಹೊರಟದ್ದು ಅದರ ಮೇಲೆ. ಜಾನ್ ಸ್ಟೈನ್‌ಬೆಕ್ 1939ರ ತಮ್ಮ 'ದ ಗ್ರೇಪ್ಸ್ ಆಫ್ ರಾತ್' ಕಾದಂಬರಿಯಲ್ಲಿ ಅದಕ್ಕೆ ತಾಯಿಯ ಸ್ಥಾನ ಕೊಟ್ಟರು. ಇಂಟರ್‌ಸ್ಟೇಟ್‌ಗಳು ಪಕ್ಕದಲ್ಲೇ ಬಂದ ಮೇಲೆ ಒಂದೊಂದೇ ಊರು ಮರೆಗೆ ಸರಿದು, 1985ರಲ್ಲಿ ಹೆದ್ದಾರಿಗಳ ಪಟ್ಟಿಯಿಂದ ಅದರ ಹೆಸರು ತೆಗೆಯಲಾಯಿತು. ಈಗ ಉಳಿದಿರುವುದು ತುಂಡು ತುಂಡು. ಅವುಗಳಲ್ಲಿ ಆರಿಜೋನಾದ ಸೆಲಿಗ್‌ಮನ್–ಕಿಂಗ್‌ಮನ್ ಸೀಮೆಯದೇ ದೀರ್ಘವಾದದ್ದು, ಚೆಲುವಾದದ್ದು. 2026ಕ್ಕೆ ಆ ರಸ್ತೆ ಹುಟ್ಟಿ ನೂರು ವರ್ಷ. ತಲಪಾಡಿಯಿಂದ ಕಾರವಾರದವರೆಗೆ ನಮ್ಮ ಕರಾವಳಿಯುದ್ದಕ್ಕೂ ಸಾಗುವ ಹೆದ್ದಾರಿಗೂ ಈಗ 66ನೆಯ ಸಂಖ್ಯೆಯೇ ಇರುವುದರಿಂದ ತಂದೆಯವರಿಗೆ ಆ ಹೆಸರಿನ ಮೇಲೆ ವಿಶೇಷ ಒಲವಿತ್ತು. ಆದರೆ ಜುಲೈಯಲ್ಲಿ ಮೊಹಾವೆ ಮರುಭೂಮಿಯ ತಾಪ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆ ದಾರಿಗೆ ಏಪ್ರಿಲ್, ಮೇ ಅಥವಾ ಅಕ್ಟೋಬರ್ ಹಿತ.

ಎರಡನೆಯದು ವರ್ಜೀನಿಯಾ ಮತ್ತು ನಾರ್ತ್ ಕ್ಯಾರೊಲೈನಾದ ಬ್ಲೂ ರಿಡ್ಜ್ ಪಾರ್ಕ್‌ವೇ. 469 ಮೈಲಿಯುದ್ದಕ್ಕೂ ಲಾರಿಗಳಿಲ್ಲ; ವೇಗದ ಮಿತಿ ಗಂಟೆಗೆ 45 ಮೈಲಿ. 1935ರಲ್ಲಿ ಆರಂಭವಾಗಿ 1987ರಲ್ಲಿ ಪೂರ್ಣಗೊಂಡ ಈ ರಸ್ತೆ ಮಲೆನಾಡಿನವರಿಗೆ ತವರಿನಂತೆ ಕಾಣುತ್ತದೆ. ಆದರೆ ಅದರ ಸೊಬಗು ಅಕ್ಟೋಬರಿನ ಎಲೆಬಣ್ಣದಲ್ಲಿ. ದಿಕ್ಕೂ ನಮಗೆ ಬೇರೆ. 2024ರ ಸೆಪ್ಟೆಂಬರಿನ ಹೆಲೀನ್ ಚಂಡಮಾರುತ ಅದರ ಹಲವು ಭಾಗಗಳನ್ನು ಕೊಚ್ಚಿಹಾಕಿದ್ದರಿಂದ, ಹೋಗುವವರು ಯಾವ ಭಾಗ ತೆರೆದಿದೆಯೆಂದು ಮೊದಲು ವಿಚಾರಿಸಬೇಕು.

ಮೂರನೆಯದು ಮೊಂಟಾನಾದ ಗ್ಲೇಷಿಯರ್ ಉದ್ಯಾನದ 'ಗೋಯಿಂಗ್ ಟು ದ ಸನ್' ರಸ್ತೆ. ಐವತ್ತೇ ಮೈಲಿಯ ಆ ದಾರಿಯ ಹಿಮ ತೆಗೆದು ಪೂರ್ತಿಯಾಗಿ ತೆರೆಯಲು ಸಾಮಾನ್ಯವಾಗಿ ಜೂನ್ ಕೊನೆ ಅಥವಾ ಜುಲೈ ಬಂದಿರುತ್ತದೆ. ಅದಕ್ಕಾಗಿ ಉತ್ತರಕ್ಕೆ ಹೊರಳಿದರೆ ಎರಡು ದಿನ ಹೆಚ್ಚು ಬೇಕು. ಆ ಎರಡು ದಿನ ನಮ್ಮಲ್ಲಿಲ್ಲ. ಇಲ್ಲಿ ಕೆಲಸಕ್ಕೆ ಬರಲು ಯೋಚಿಸುತ್ತಿರುವ ಯುವಕ–ಯುವತಿಯರು ಈ ಮಾತನ್ನು ಗಮನಿಸಬೇಕು: ಖಾಸಗಿ ನೌಕರರಿಗೆ ಸಂಬಳಸಹಿತ ವಾರ್ಷಿಕ ರಜೆ ಕೊಡಲೇಬೇಕೆಂಬ ಕೇಂದ್ರ ಕಾನೂನು ಅಮೆರಿಕದಲ್ಲಿಲ್ಲ. ರಜೆ ಕಂಪನಿಯ ನಿಯಮದಂತೆ ಸಿಗುತ್ತದೆ. ನಾನೂ ನನ್ನ ಹೆಂಡತಿಯೂ ಕೂಡಿಟ್ಟ ರಜೆಯೆಲ್ಲ ಸೇರಿ, ಶನಿವಾರ–ಭಾನುವಾರಗಳನ್ನು ಪೋಣಿಸಿ, ಸಿಕ್ಕಿದ್ದು ಹದಿನೆಂಟು ದಿನ.

ಉಳಿದ ದಾರಿ

ಉಳಿದದ್ದು ಷಿಕಾಗೊದಿಂದ ಸ್ಯಾನ್ ಫ್ರಾನ್ಸಿಸ್ಕೊವರೆಗಿನ, ಸುತ್ತುಬಳಸಿನ ಸುಮಾರು ಮೂರು ಸಾವಿರ ಮೈಲಿಯ ದಾರಿ. ನೇರ ಐ–80 ಹಿಡಿದರೆ ಇದು 2,100 ಮೈಲಿಗೆ ಮುಗಿಯುತ್ತದೆ. ಹೆಚ್ಚಿನ ಒಂಬೈನೂರು ಮೈಲಿಯೇ ನಮ್ಮ ಪ್ರವಾಸ.

ಮೊದಲ ಮೂರು ದಿನ ಐ–90. ಬಾಸ್ಟನ್ನಿನಿಂದ ಸಿಯಾಟಲ್‌ವರೆಗೆ 3,020 ಮೈಲಿ ಚಾಚಿರುವ ಇದು ದೇಶದ ಅತಿ ಉದ್ದದ ಇಂಟರ್‌ಸ್ಟೇಟ್. ವಿಸ್ಕಾನ್ಸಿನ್ನಿನ ಲಾ ಕ್ರಾಸ್ ಬಳಿ ಮಿಸಿಸಿಪಿಯನ್ನು, ಸೌತ್ ಡಕೋಟದ ಚೇಂಬರ್ಲೇನ್ ಬಳಿ ಮಿಸೌರಿಯನ್ನು ದಾಟುತ್ತೇವೆ. ಮಿಸೌರಿಯ ಆಚೆ ಜೋಳದ ಹೊಲಗಳು ಮುಗಿದು ಹುಲ್ಲುಗಾವಲು ಶುರು. ಮಳೆ ಕಡಿಮೆಯಾಗುತ್ತ ದೇಶದ ಬಣ್ಣ ಬದಲಾಗುವ ಜಾಗ ಅದು. ಗಡಿಯಾರ ಹಿಂದಕ್ಕೆ ಸರಿಯುವುದೂ ಅದೇ ರಾಜ್ಯದ ನಡುವೆ. ನೂರಾರು ಮೈಲಿ ಮೊದಲಿನಿಂದಲೇ ರಸ್ತೆಬದಿಯ ಫಲಕಗಳು ವಾಲ್ ಎಂಬ ಪುಟ್ಟ ಊರಿನ ಔಷಧದ ಅಂಗಡಿಗೆ ಕರೆಯುತ್ತವೆ. 1930ರ ದಶಕದ ಬಡತನದಲ್ಲಿ ಗಿರಾಕಿಗಳಿಲ್ಲದ ಆ ಅಂಗಡಿಯವರು ಬಿಸಿಲಲ್ಲಿ ಹೋಗುವವರಿಗೆ ಮಂಜುಗಡ್ಡೆ ಹಾಕಿದ ನೀರು ಉಚಿತವೆಂದು ಫಲಕ ಹಾಕಿದರು. ಅಂಗಡಿ ಉಳಿಯಿತು, ಊರೂ ಹೆಸರಾಯಿತು. ನಮ್ಮ ಕಡೆಯ ಅರವಟ್ಟಿಗೆಯನ್ನು ಕಂಡವರಿಗೆ ಈ ಕಥೆ ಬೇಗ ಅರ್ಥವಾಗುತ್ತದೆ.

ಅಲ್ಲಿಗೆ ಮೊದಲೇ ಹೆದ್ದಾರಿಯಿಂದ ಇಳಿದರೆ ಬ್ಯಾಡ್‌ಲ್ಯಾಂಡ್ಸ್ ಉದ್ಯಾನದೊಳಗಿನ ಸುಮಾರು ನಲವತ್ತು ಮೈಲಿಯ ವರ್ತುಲ ರಸ್ತೆ. ಮಣ್ಣಿನ ಪದರಗಳು ಕೆಂಪು, ಹಳದಿ, ಬೂದು ಪಟ್ಟೆಗಳಾಗಿ ಕಡಿದು ನಿಂತಿರುವುದನ್ನು ಕಾರಿನಿಂದ ಇಳಿದು ಹತ್ತು ಹೆಜ್ಜೆಯಲ್ಲೇ ನೋಡಬಹುದು. ಮಂಡಿ ನೋವಿನ ತಾಯಿಯವರಿಗಾಗಿ ಇಂಥ ಜಾಗಗಳಿಗೇ ಆದ್ಯತೆ ಕೊಟ್ಟಿದ್ದೇವೆ.

ಮುಂದಿನದು ಬ್ಲ್ಯಾಕ್ ಹಿಲ್ಸ್. 1927ರಿಂದ 1941ರವರೆಗೆ ನಾಲ್ವರು ಅಧ್ಯಕ್ಷರ ಮುಖಗಳನ್ನು ಕೆತ್ತಿದ ಮೌಂಟ್ ರಶ್‌ಮೋರ್ ಇರುವುದು ಇಲ್ಲಿ. ಆದರೆ ಈ ಬೆಟ್ಟಗಳು ಲಕೋಟ ಜನರಿಗೆ ಪವಿತ್ರ. 1868ರ ಒಪ್ಪಂದ ಅವನ್ನು ಅವರಿಗೇ ಬಿಟ್ಟುಕೊಟ್ಟಿತ್ತು. ಚಿನ್ನ ಸಿಕ್ಕ ಮೇಲೆ 1877ರಲ್ಲಿ ಸರ್ಕಾರ ಕಿತ್ತುಕೊಂಡಿತು. 1980ರಲ್ಲಿ ಸರ್ವೋಚ್ಚ ನ್ಯಾಯಾಲಯ ಅವರಿಗೆ ಪರಿಹಾರದ ಹಣ ಸಲ್ಲಬೇಕೆಂದಿತು. ಬೇಕಾದದ್ದು ಹಣವಲ್ಲ, ನೆಲ ಎಂದು ಅವರು ಅದನ್ನು ಇಂದಿಗೂ ಮುಟ್ಟಿಲ್ಲ. ಲಿಂಗನಮಕ್ಕಿಯಲ್ಲಿ ನೆಲ ಮುಳುಗಿಸಿಕೊಂಡವರ ಮಾತು ಕೇಳಿ ಬೆಳೆದ ನಮಗೆ ಆ ಮುಖಗಳನ್ನು ನೋಡುವಾಗ ಇದೂ ನೆನಪಿರಬೇಕು.

ಹೊರಡುವ ವಾರವನ್ನು ನಿರ್ಧರಿಸಿದ್ದೂ ಈ ಬೆಟ್ಟಗಳೇ. ಆಗಸ್ಟ್ ಆರಂಭದಲ್ಲಿ ಪಕ್ಕದ ಸ್ಟರ್ಜಿಸ್ ಊರಿಗೆ ಲಕ್ಷಗಟ್ಟಲೆ ಮೋಟಾರ್‌ಬೈಕ್ ಸವಾರರು ಜಾತ್ರೆ ನೆರೆಯುತ್ತಾರೆ. ಸುತ್ತ ಎಲ್ಲೂ ಕೋಣೆ ಸಿಗದು. ಜುಲೈ ನಾಲ್ಕರ ಸ್ವಾತಂತ್ರ್ಯ ದಿನದ ಜನಜಂಗುಳಿ ಬೇಡ. ಬೇಸಗೆ ಬಲಿತಂತೆ ಪಶ್ಚಿಮದ ಕಾಳ್ಗಿಚ್ಚಿನ ಹೊಗೆಯ ಸಂಭವ ಹೆಚ್ಚು. ಇವೆಲ್ಲವನ್ನೂ ಕಳೆದರೆ ಉಳಿಯುವುದು ಜುಲೈ ಎರಡನೆಯ ವಾರ.

ಅಲ್ಲಿಂದ ಮೊಂಟಾನಾದ ರೆಡ್ ಲಾಡ್ಜ್, ಬೇರ್‌ಟೂತ್ ಹೆದ್ದಾರಿ, ಯೆಲ್ಲೊಸ್ಟೋನ್. ಬಳಿಕ ಸಾಲ್ಟ್ ಲೇಕ್ ಸಿಟಿ ಹಾದು ನೆವಾಡಾದ ಯು.ಎಸ್. 50. ಈ ಕೊನೆಯ ರಸ್ತೆಯನ್ನು 1986ರಲ್ಲಿ 'ಲೈಫ್' ಪತ್ರಿಕೆ ಅಮೆರಿಕದ ಅತಿ ಒಂಟಿ ರಸ್ತೆಯೆಂದು ಕರೆಯಿತು. ಹೀಯಾಳಿಕೆಯಂತೆ ಬಂದ ಆ ಮಾತನ್ನೇ ನೆವಾಡಾದವರು ಫಲಕವಾಗಿಸಿ ಪ್ರವಾಸಿಗರನ್ನು ಕರೆದರು. ಈಲಿಯಿಂದ ಯುರೇಕಾಗೆ 77 ಮೈಲಿ, ಅಲ್ಲಿಂದ ಆಸ್ಟಿನ್ನಿಗೆ 70, ಮುಂದೆ ಫ್ಯಾಲನ್ನಿಗೆ 110, ನಡುವೆ ಊರೆನ್ನುವಂಥದ್ದಿಲ್ಲ. ಬೆಟ್ಟದ ಸಾಲು, ಬಯಲು, ಮತ್ತೆ ಬೆಟ್ಟದ ಸಾಲು. ದಾರಿಯಲ್ಲಿ ಸಿಗುವ ಗ್ರೇಟ್ ಬೇಸಿನ್ ಉದ್ಯಾನದ ಬಳಿ ಒಂದು ರಾತ್ರಿ ತಂಗುತ್ತೇವೆ. ಅಲ್ಲಿನ ಆಕಾಶ ಈ ದೇಶದ ಅತ್ಯಂತ ಕತ್ತಲಿನ ಆಕಾಶಗಳಲ್ಲೊಂದು. ತೀರ್ಥಹಳ್ಳಿಯ ಕಡೆಯ ಹಳ್ಳಿಯಲ್ಲಿ, ವಿದ್ಯುತ್ ಬರುವ ಮೊದಲಿನ ಅಂಗಳದಲ್ಲಿ ಮಲಗಿ ನಕ್ಷತ್ರ ಎಣಿಸಿದ ತಾಯಿಯವರು ಈ ಇಡೀ ಪಟ್ಟಿಯಲ್ಲಿ ತಾವಾಗಿ ಕೇಳಿಕೊಂಡದ್ದು ಇದೊಂದನ್ನೇ.

ಕೊನೆಗೆ ಸ್ಯಾನ್ ಫ್ರಾನ್ಸಿಸ್ಕೊ. ಅಲ್ಲಿಂದ ದಕ್ಷಿಣಕ್ಕೆ ಕ್ಯಾಲಿಫೋರ್ನಿಯಾದ ಒಂದನೇ ಹೆದ್ದಾರಿಯಲ್ಲಿ ಬಿಗ್ ಸರ್‌ವರೆಗೆ ಹೋಗಿ ಹಿಂದಿರುಗುವುದು. ಮರವಂತೆಯಲ್ಲಿ ಸಮುದ್ರಕ್ಕೆ ಅಂಟಿಕೊಂಡ ರಸ್ತೆಯನ್ನು ಕಂಡವರು ಅದನ್ನು ನೂರಾರು ಅಡಿ ಮೇಲಕ್ಕೆತ್ತಿ ಬಂಡೆಯ ಅಂಚಿಗೆ ಇಟ್ಟಂತೆ ಊಹಿಸಿಕೊಳ್ಳಬಹುದು. 1932ರ ಬಿಕ್ಸ್‌ಬಿ ಸೇತುವೆ ಇರುವುದು ಇಲ್ಲೇ. ಈ ಗುಡ್ಡಗಳು ಪದೇ ಪದೇ ಜರಿಯುತ್ತವೆ. 2017ರ ಒಂದು ಭೂಕುಸಿತದಿಂದ ರಸ್ತೆ ಒಂದು ವರ್ಷಕ್ಕೂ ಹೆಚ್ಚು ಕಾಲ ಮುಚ್ಚಿತ್ತು. ರಾಜ್ಯದ ಸಾರಿಗೆ ಇಲಾಖೆಯ ಪ್ರಕಟಣೆ ನೋಡದೆ ಹೊರಡಬಾರದು.

ಎತ್ತರದ ಲೆಕ್ಕ

ನಮ್ಮ ಮನೆಯಲ್ಲಿ ಹೆಚ್ಚು ಚರ್ಚೆಗೆ ಕಾರಣವಾದದ್ದು ಬೇರ್‌ಟೂತ್. ಯು.ಎಸ್. 212ರ ಈ 68 ಮೈಲಿ ರೆಡ್ ಲಾಡ್ಜ್‌ನಿಂದ ಸುರುಳಿ ಸುರುಳಿಯಾಗಿ ಏರಿ 10,947 ಅಡಿ, ಅಂದರೆ 3,337 ಮೀಟರ್ ಮುಟ್ಟಿ, ಯೆಲ್ಲೊಸ್ಟೋನಿನ ಈಶಾನ್ಯ ದ್ವಾರದತ್ತ ಇಳಿಯುತ್ತದೆ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಬಸ್ಸಿನಲ್ಲಿ ಇಳಿದು ಹತ್ತಿದ ತಂದೆಯವರು ತಿರುವಿಗೆ ಹೆದರುವವರಲ್ಲ. ಪ್ರಶ್ನೆಯಿರುವುದು ಗಾಳಿಯದು, ಆ ಎತ್ತರದಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಕಡಿಮೆ. ಸ್ಟೆಂಟ್ ಹಾಕಿಸಿಕೊಂಡವರು ಅಲ್ಲಿ ಕೆಲವು ಗಂಟೆ ಕಳೆಯಬಹುದೇ?

ಈ ಪ್ರಶ್ನೆಯನ್ನು ಅಂತರ್ಜಾಲಕ್ಕೆ ಬಿಡದೆ ಊರಿನ ಹೃದಯತಜ್ಞರ ಮುಂದಿಟ್ಟೆವು. ಹೊರಡುವ ತಿಂಗಳು ತಪಾಸಣೆ ಮಾಡಿಸಿ, ಫಲಿತಾಂಶ ಸರಿಯಿದ್ದರೆ ಹೋಗಬಹುದು. ಮೇಲೆ ಓಡಾಟ ಬೇಡ, ರಾತ್ರಿ ತಂಗುವುದು ಬೇಡ ಎಂದರು. ಅದರಂತೆ ಸುಮಾರು 5,500 ಅಡಿ ಎತ್ತರದ ರೆಡ್ ಲಾಡ್ಜ್‌ನಲ್ಲಿ ಎರಡು ರಾತ್ರಿ ಇರಿಸಿದ್ದೇವೆ. ತಲೆನೋವು, ವಾಕರಿಕೆ, ಏದುಸಿರು ಕಂಡರೆ ಮದ್ದೊಂದೇ: ತಡಮಾಡದೆ ಕೆಳಗಿಳಿಯುವುದು. ಬೆಳಿಗ್ಗೆ ಮನಸ್ಸಿಗೆ ಸರಿಯೆನಿಸದಿದ್ದರೆ ಅಥವಾ ಮೇಲೆ ಹಿಮ ಬಿದ್ದು ರಸ್ತೆ ಮುಚ್ಚಿದರೆ (ಜುಲೈಯಲ್ಲೂ ಅದು ಅಸಂಭವವಲ್ಲ) ವಯೋಮಿಂಗ್ ಕಡೆಯಿಂದ ಸುತ್ತಿ ಬರುವ ಚೀಫ್ ಜೋಸೆಫ್ ಹೆದ್ದಾರಿಯಿದೆ. ಅದರ ನೆತ್ತಿ 8,071 ಅಡಿ. ಅಂದರೆ ಸುಮಾರು 2,900 ಅಡಿ ತಗ್ಗು, ಚೆಲುವಿನಲ್ಲಿ ತೀರ ಹಿಂದಿಲ್ಲ. ಕೊಲೊರಾಡೊದ 12,183 ಅಡಿಯ ಟ್ರೇಲ್ ರಿಡ್ಜ್ ರಸ್ತೆಯನ್ನು ಯೋಚಿಸದೆಯೇ ಪಟ್ಟಿಯಿಂದ ತೆಗೆದೆವು.

ದಿನಕ್ಕೆ ಆರು ಗಂಟೆಗಿಂತ ಹೆಚ್ಚು ಚಾಲನೆಯಿಲ್ಲ. ಎರಡು ಗಂಟೆಗೊಮ್ಮೆ ಎಲ್ಲರೂ ಇಳಿದು ನಡೆಯಬೇಕು. ಬಹಳ ಹೊತ್ತು ಕುಳಿತರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ವಯಸ್ಸಾದವರಿಗೆ ಹೆಚ್ಚು. ಮೊದಲ ಎರಡು ದಿನ ಮಾತ್ರ ಸ್ವಲ್ಪ ಮೀರುತ್ತದೆ. ಔಷಧಗಳು ಸೂಟ್‌ಕೇಸಿನಲ್ಲಲ್ಲ, ಕೈಚೀಲದಲ್ಲಿ. ಜೊತೆಗೆ ಅವುಗಳ ಮೂಲ ಹೆಸರುಳ್ಳ ವೈದ್ಯರ ಚೀಟಿ. ಪ್ರವಾಸಿ ವಿಮೆ ಕೊಳ್ಳುವಾಗ ಬೆಲೆಗಿಂತ ಮೊದಲು ನೋಡಬೇಕಾದದ್ದು, ಈಗಾಗಲೇ ಇರುವ ಕಾಯಿಲೆಗೆ ಏನು ಬರೆದಿದ್ದಾರೆಂಬುದು. ಬಹುತೇಕ ವಿಮೆಗಳು ಹಳೆಯ ಕಾಯಿಲೆಯನ್ನು ಹೊರಗಿಡುತ್ತವೆ, ಇಲ್ಲವೇ ಹಠಾತ್ ಉಲ್ಬಣಕ್ಕೆ ಮಾತ್ರ, ಅದೂ ವಯಸ್ಸಿಗೆ ತಕ್ಕ ಮಿತಿಯೊಳಗೆ, ಹಣ ಕೊಡುತ್ತವೆ. ಅಪ್ಪ–ಅಮ್ಮನನ್ನು ಕರೆಸಿಕೊಳ್ಳುವ ಮಕ್ಕಳು ಆ ಸಣ್ಣ ಅಕ್ಷರಗಳನ್ನು ಕುಳಿತು ಓದಬೇಕು.

ಕಾಗದಪತ್ರ, ಕಾರು, ಇಂಧನ

ಒಂದು ಊರಿನಲ್ಲಿ ಬಾಡಿಗೆ ಕಾರು ತೆಗೆದುಕೊಂಡು ಇನ್ನೊಂದರಲ್ಲಿ ಬಿಡುವುದಕ್ಕೆ ಪ್ರತ್ಯೇಕ ಶುಲ್ಕವಿದೆ. ಆದರೂ ಹಿಂದಿರುಗುವ ಎರಡು ಸಾವಿರ ಮೈಲಿಯ ದಣಿವು, ಕೋಣೆ, ಇಂಧನಗಳ ಎದುರು ಅದು ದುಬಾರಿಯಲ್ಲ, ವಾಪಸು ವಿಮಾನದಲ್ಲಿ. ಚಾಲಕರಿಬ್ಬರ ಹೆಸರೂ ಕರಾರಿನಲ್ಲಿರಬೇಕು. 25 ವರ್ಷದೊಳಗಿನವರಿಗೆ ಸಾಮಾನ್ಯವಾಗಿ ಹೆಚ್ಚುವರಿ ಶುಲ್ಕ. ಭಾರತದ ಪರವಾನಗಿಯಲ್ಲಿ ಓಡಿಸಬಯಸುವ ಪ್ರವಾಸಿಗರು ಊರಿನ ಆರ್‌ಟಿಒದಲ್ಲೇ ಅಂತರರಾಷ್ಟ್ರೀಯ ಪರವಾನಗಿ ಮಾಡಿಸಿಕೊಂಡು, ಹೋಗುವ ರಾಜ್ಯಗಳ ನಿಯಮ ನೋಡಿಕೊಳ್ಳುವುದು ಮೇಲು.

18 ವರ್ಷ ದಾಟಿದ ವಿದೇಶೀಯರು ತಮ್ಮ ನೋಂದಣಿ ದಾಖಲೆಯನ್ನು ಸದಾ ಜೊತೆಗಿಟ್ಟುಕೊಳ್ಳಬೇಕೆಂಬುದು ಇಲ್ಲಿನ ಕಾನೂನು. ವೀಸಾದ ಮೇಲೆ ಬಂದವರಿಗೆ ಐ–94 ಅಂಥ ದಾಖಲೆ. ಅದನ್ನೂ ಪಾಸ್‌ಪೋರ್ಟನ್ನೂ ಮನೆಯಲ್ಲಿ ಬಿಟ್ಟು ಹೊರಡಬಾರದು. ದಕ್ಷಿಣದ ಗಡಿಗೆ ಸಮೀಪದ ನ್ಯೂ ಮೆಕ್ಸಿಕೊ, ಆರಿಜೋನಾ, ಟೆಕ್ಸಸ್ ರಸ್ತೆಗಳಲ್ಲಿ ಒಳನಾಡಿನಲ್ಲೂ ಗಡಿ ಪೊಲೀಸರ ತಪಾಸಣೆಯುಂಟು. ಪೊಲೀಸರು ಹಿಂದಿನಿಂದ ದೀಪ ಮಿನುಗಿಸಿದರೆ ಬಲಕ್ಕೆ ನಿಲ್ಲಿಸಿ, ಕಾರಿನಿಂದ ಇಳಿಯದೆ, ಕೈಗಳನ್ನು ಸ್ಟಿಯರಿಂಗ್ ಮೇಲಿರಿಸಿ ಕಾಯಬೇಕು. ಊರಿನಲ್ಲಿ ಇಳಿದು ಹೋಗಿ ಮಾತನಾಡಿಸುವುದು ವಿನಯ. ಇಲ್ಲಿ ಅದು ಅಪಾಯ.

ಒಂಟಿ ರಸ್ತೆಗಳಲ್ಲಿ ಟ್ಯಾಂಕು ಅರ್ಧಕ್ಕಿಳಿದರೆ ಸಿಕ್ಕ ಮೊದಲ ಬಂಕಿನಲ್ಲೇ ತುಂಬಿಸುವುದು ನಮ್ಮ ನಿಯಮ. ಬಂಕಿನ ಯಂತ್ರ ಕಾರ್ಡಿನ ಐದಂಕಿಯ ಪಿನ್‌ಕೋಡ್ ಕೇಳುತ್ತದೆ. ಭಾರತದ ಕಾರ್ಡಿನವರು ಒಳಗೆ ಹೋಗಿ ಮುಂಗಡ ಕೊಟ್ಟರಾಯಿತು. ಮೊಬೈಲ್ ಸಂಕೇತ ಗಂಟೆಗಟ್ಟಲೆ ಇರದು. ನಕಾಶೆಗಳನ್ನು ಮೊದಲೇ ಇಳಿಸಿಕೊಂಡು, ಕಾಗದದ್ದೊಂದನ್ನೂ ಇಟ್ಟುಕೊಳ್ಳಬೇಕು. ರಾಷ್ಟ್ರೀಯ ಉದ್ಯಾನಗಳ ವಾರ್ಷಿಕ ಪಾಸ್ 2026ರಿಂದ ಇಲ್ಲಿನ ನಿವಾಸಿಗಳಿಗೆ 80 ಡಾಲರು, ಇತರರಿಗೆ 250. ಯೆಲ್ಲೊಸ್ಟೋನಿನಂಥ ಕೆಲವು ಉದ್ಯಾನಗಳಲ್ಲಿ ವಿದೇಶೀಯರಿಗೆ ಬೇರೆ ಶುಲ್ಕವೂ ಇರುವುದರಿಂದ ಪಾಸ್ ಯಾರ ಹೆಸರಿನಲ್ಲಿರಬೇಕೆಂದು ಮುಂಚೆಯೇ ತಿಳಿದುಕೊಳ್ಳಬೇಕು.

ಊಟದ ಚಿಂತೆ ತಾಯಿಯವರದ್ದು. ಅವಲಕ್ಕಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಒಂದು ಸಣ್ಣ ರೈಸ್ ಕುಕ್ಕರ್, ಮೊಸರಿಗೊಂದು ತಂಪು ಪೆಟ್ಟಿಗೆ. ಯೆಲ್ಲೊಸ್ಟೋನಿನಲ್ಲಿ ಮಾತ್ರ ಒಂದು ಎಚ್ಚರಿಕೆ: ಕರಡಿಗಳ ನಾಡಾದ್ದರಿಂದ ಊಟದ ಪದಾರ್ಥವನ್ನು ಹೊರಗೆ ಬಿಡುವಂತಿಲ್ಲ. ಕಾಡೆಮ್ಮೆಯಿಂದ ಕನಿಷ್ಠ 25 ಗಜ, ಕರಡಿ–ತೋಳಗಳಿಂದ 100 ಗಜ ದೂರವಿರಬೇಕೆಂಬುದೂ ಅಲ್ಲಿನ ನಿಯಮ.

ಎರಡು ಖಾಲಿ ದಿನ

ಯೆಲ್ಲೊಸ್ಟೋನ್ ಸುತ್ತಮುತ್ತ ತಿಂಗಳುಗಳ ಮೊದಲೇ ಕೋಣೆಗಳು ಭರ್ತಿಯಾಗುತ್ತವೆ. ಅವನ್ನು ಕಾದಿರಿಸಿ ಆಗಿದೆ. ಉಳಿದೆಡೆ ಕೊನೆಯ ದಿನದವರೆಗೂ ರದ್ದುಮಾಡಬಹುದಾದ ಕೋಣೆಗಳನ್ನಷ್ಟೇ ಹಿಡಿದಿದ್ದೇವೆ. ಹದಿನೆಂಟು ದಿನಗಳ ಪಟ್ಟಿಯಲ್ಲಿ ಎರಡರ ಮುಂದೆ ಏನನ್ನೂ ಬರೆದಿಲ್ಲ. ಒಂದು ರೆಡ್ ಲಾಡ್ಜ್ ಆದ ಮೇಲೆ, ಇನ್ನೊಂದು ನೆವಾಡಾದ ನಂತರ. ಯಾರಿಗಾದರೂ ಜ್ವರ ಬಂದರೆ, ರಸ್ತೆ ಮುಚ್ಚಿದರೆ, ಮಗುವಿಗೆ ಬೇಸರವಾದರೆ ಆ ದಿನಗಳು ಒದಗುತ್ತವೆ. ಏನೂ ಆಗದಿದ್ದರೆ ಯಾವುದಾದರೂ ಸಣ್ಣ ಊರಿನ ಮುಖ್ಯಬೀದಿಯ ಬೆಂಚಿನ ಮೇಲೆ ಕುಳಿತು ಕಾಲ ಕಳೆಯುವುದು. ತಂದೆಯವರು ಮೊದಲು ಆ ಖಾಲಿ ಸಾಲುಗಳನ್ನು ಕಂಡು, ಇಷ್ಟು ದೂರ ಬಂದು ಸುಮ್ಮನೆ ಕೂರುವುದೇಕೆ, ಗ್ಲೇಷಿಯರ್ ಸೇರಿಸಬಾರದೇ ಎಂದಿದ್ದರು. ಕಳೆದ ವಾರದ ಕರೆಯಲ್ಲಿ ಆ ಬೆಂಚಿರುವ ಊರಿನ ಹೆಸರೇನು, ಅಲ್ಲಿ ಕಾಫಿ ಸಿಗುತ್ತದೆಯೇ ಎಂದು ವಿಚಾರಿಸಿದರು.